ಮಡಿಲಗಲದ ಕೌದಿ

ಶಿವರಂಜನಿಗೆ ಎರಡು ಚಟಗಳಿದ್ದವು. ಯಾರ ದನಿಯಾದರೂ ಒಮ್ಮೆ ಕಿವಿಗೆ ಬಿದ್ದರೆ ಅದನ್ನು ಗಂಟಲಿಗೆ ಇಳಿಸಿಕೊಳ್ಳುವುದು ಒಂದು, ಯಾವ ಹಳೆ ಬಟ್ಟೆಯಾದರೂ ಕಣ್ಣಿಗೆ ಬಿದ್ದರೆ ಅದನ್ನು ಕತ್ತರಿಗೆ ಕೊಡುವುದು ಇನ್ನೊಂದು. ಹೋಲಿಕೆಗೂ ಹೊಲಿಗೆಗೂ ಎಷ್ಟು ದೂರ, ಒಂದೆರಡು ಅಕ್ಷರ ಅತ್ತಿತ್ತ ಅಷ್ಟೇ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಶಹಾಪುರದ ಒಂದು ಪಿಯು ಕಾಲೇಜಿನಲ್ಲಿ ಅವಳು ಗ್ರಂಥಪಾಲಕಿ. ‘ಸದ್ದು ಮಾಡಬೇಡಿ’ ಎಂಬ ಫಲಕದ ಕೆಳಗೇ ಕೂತು, ಸುರಪುರ ಬಸ್ಸಿನ ಕಂಡಕ್ಟರ್ ಮೂಗಿನಿಂದ ಊರುಗಳ ಹೆಸರು ಉದುರಿಸುವುದನ್ನೂ, ಗುರುಮಠಕಲ್ ಕಡೆಯಿಂದ ಬಂದ ಲೆಕ್ಚರರು ಕನ್ನಡವನ್ನು ತೆಲುಗಿನಲ್ಲಿ ಅದ್ದಿ ತೆಗೆಯುವುದನ್ನೂ ಹಾಗಾಗೇ ಮಾಡಿ ತೋರಿಸುತ್ತಿದ್ದಳು. ಒಮ್ಮೆ ಪ್ರಿನ್ಸಿಪಾಲರ ಕೆಮ್ಮು ಕೆಮ್ಮಿದ್ದಕ್ಕೆ ಕಪಾಟಿನ ಹಿಂದಿದ್ದ ಏಳು ಹುಡುಗರು ಮೊಬೈಲು ಜೇಬಿಗೆ ಸೇರಿಸಿ ಅರ್ಥಶಾಸ್ತ್ರ ಓದತೊಡಗಿದ್ದರು.

ಹೊಲಿಗೆಯಲ್ಲಿ ಅವಳದು ಸಣ್ಣ ಕೈ. ಎಂದರೆ, ಸಣ್ಣ ಕೌದಿಗಳು. ಒಂದು ಮೊಳ ಉದ್ದ, ಒಂದು ಮೊಳ ಅಗಲ. ಹಾಸಲು ಹೊದೆಯಲು ಅಲ್ಲ, ಗೋಡೆಗೆ ತೂಗುಹಾಕಲು. ಹೂಬಳ್ಳಿಯ ಚಿತ್ತಾರವಿಲ್ಲದ ಬಟ್ಟೆಯೇ ಆಗಬೇಕು, ತುಂಡುಗಳು ನೆಟ್ಟಗೆ ಕತ್ತರಿಸಿರಬೇಕು, ನಡುನಡುವೆ ಸುಮ್ಮನೆ ಬಿಟ್ಟ ಬಯಲು ಬೇಕು. ಮೊಬೈಲಿನಲ್ಲಿ ಎಲ್ಲೆಲ್ಲಿಯವರೋ ಹಾಕಿದ ಚಿತ್ರ ನೋಡಿ ಮಾಡುತ್ತಿದ್ದಳು. ಹೀಗಾಗಿ ಬಿಸಿಲಿಗೆ ಬಂಡೆ ಸಿಡಿಯುವ ಶಹಾಪುರದ ಅವಳ ಮನೆಯ ಗೋಡೆಯ ಮೇಲೆ ಮೂರು ಕಡೆ ಹಿಮ ಬೀಳುತ್ತಿತ್ತು. ಮೊಳೆ ಹೊಡೆದುಕೊಡುವ ಗಂಡ ಭೀಮಾಶಂಕರ, ಅದರ ಕೆಳಗೆ ಕೂತರೆ ಫ್ಯಾನು ಒಂದು ಪಾಯಿಂಟ್ ಕಡಿಮೆ ಇಟ್ಟುಕೊಳ್ಳಬಹುದು ಎನ್ನುತ್ತಿದ್ದ.

ಅವಳ ಕೈಗೆ ಮೊದಲು ಸೂಜಿ ಕೊಟ್ಟವಳು ಸುರಪುರದ ಮದೀನಾಬೀ. ಶಿವರಂಜನಿಯ ತವರಿನ ಹಿಂದಿನ ಓಣಿಯವಳು, ಈಗ ಅರವತ್ತೆಂಟು. ತಿಂಥಣಿಯಿಂದ ಶಿರವಾಳದವರೆಗೆ ಅವಳು ಹೊಲಿದ ಕೌದಿ ಇಲ್ಲದ ಮನೆಗಳು ಕಡಿಮೆ. ಮಗಳು ಬಾಣಂತನಕ್ಕೆ ಬರುತ್ತಾಳೆ ಎಂದರೆ ಸಾಕು, ಮನೆಯ ಹಳೆ ಸೀರೆ ಧೋತರ ಗಂಟು ಕಟ್ಟಿ ಅವಳಿಗೆ ಹೇಳಿಕಳಿಸುತ್ತಿದ್ದರು. ಅಂಥವಳಿಗೆ ಶಿಷ್ಯೆಯ ಸಣ್ಣ ಕೌದಿಗಳೆಂದರೆ ತಮಾಷೆ. ಮೊದಲನೆಯದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, "ಇದು ಯಾರಿಗಿ ಹೊಚ್ಚೂದು? ಬೆಕ್ಕಿಗಿ ಹೊಚ್ಚಿದ್ರೂ ಬಾಲ ಹೊರಗ ಉಳೀತದ" ಎಂದಿದ್ದಳು. ಇನ್ನೊಂದರ ಮೇಲೆ ಶಿವರಂಜನಿ ಹದಿನೈದು ದಿನ ಕಣ್ಣು ಕೀಲಿಸಿಕೊಂಡು ಪರದೇಶದ ಒಂದು ಕೆಂಪು ಎಲೆ ಕೂರಿಸಿದ್ದಳು. ಮದೀನಾಬೀ ಅದನ್ನು ಹತ್ತಿ ಎಲೆ ಎಂದೇ ತಿಳಿದು, ಹುಳ ಬಿದ್ದಿದೆ, ಜಲ್ದಿ ಔಷಧ ಹೊಡಸು ಎಂದು ಕಾಳಜಿಯಿಂದ ಹೇಳಿದ್ದಳು.

ಶಿವರಂಜನಿ ನಕ್ಕಿದ್ದಳು. ಈ ಹೆಂಗಸು ಏನಂದರೂ ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಒಂಬತ್ತು ವರ್ಷದ ಹಿಂದೆ, ಎರಡನೆಯ ಸಲವೂ ಬಸಿರು ನಿಲ್ಲದೆ ಹೋದಾಗ ಅವಳು ತವರಿನಲ್ಲಿ ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬಂದವರೆಲ್ಲ ಒಂದೊಂದು ಬುದ್ಧಿಮಾತು, ಒಂದೊಂದು ದೇವರ ಹೆಸರು, ಒಂದೊಂದು ಡಾಕ್ಟರ ವಿಳಾಸ ಕೊಟ್ಟು ಹೋದರು. ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಕೂತಿದ್ದ ಮದೀನಾಬೀ ಮಾತ್ರ ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ಅವಳನ್ನು ಎಬ್ಬಿಸಿ ಕರೆತಂದು ಕೌದಿಯ ಒಂದು ಮೂಲೆಯ ಮೇಲೆ ಕೂರಿಸಿ ದಾರ ಪೋಣಿಸಿದ ಸೂಜಿ ಕೈಗಿಟ್ಟಳು. ಆ ಮೂಲೆ ಹೊಲಿದು ಮುಗಿಯುವ ಹೊತ್ತಿಗೆ ಶಿವರಂಜನಿಗೆ ಹಸಿವಾಗಿತ್ತು. ಎರಡು ತಿಂಗಳಲ್ಲಿ ಮೊದಲ ಸಲ ರೊಟ್ಟಿ ಕೇಳಿ ತಿಂದಿದ್ದಳು. ಇದಕ್ಕೆ ಅವಳು ಇವತ್ತಿನವರೆಗೂ ಬಾಯಿಬಿಟ್ಟು ಉಪಕಾರ ಹೇಳಿರಲಿಲ್ಲ. ಹೇಳಲು ಹೋದಾಗಲೆಲ್ಲ ಯಾರದೋ ದನಿ ತೆಗೆದು ನಗಿಸಿ ಬಂದುಬಿಡುತ್ತಿದ್ದಳು.

ಈ ವರ್ಷ ರಮಜಾನ್ ಆದ ಮೇಲೆ ಮದೀನಾಬೀ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಕಲಬುರಗಿಗೆ ಕರೆದೊಯ್ದು ರಾಡು ಹಾಕಿಸಿದರು. ನಡೆದಾಡಬಹುದು, ಆದರೆ ಇನ್ನು ಮೇಲೆ ನೆಲಕ್ಕೆ ಕೂರುವಂತಿಲ್ಲ, ಕುರ್ಚಿಯೇ ಗತಿ ಎಂದು ಡಾಕ್ಟರು ಹೇಳಿ ಕಳಿಸಿದರು. ಹೀಗೆ ಕೌದಿಯವಳು ಕುರ್ಚಿಯ ಕೈದಿಯಾದಳು.

ಬೇರೆಯವರಿಗಾದರೆ ಕುರ್ಚಿ ಕುರ್ಚಿಯೇ. ಕೌದಿ ಹೊಲಿಯುವವಳಿಗೆ ಹಾಗಲ್ಲ. ಕೌದಿಯನ್ನು ಪಡಸಾಲೆಯ ತುಂಬ ಹಾಸಿ, ಅದರ ಮೇಲೆಯೇ ಕೂತು ಹೊಲಿಯಬೇಕು. ಮೈಭಾರಕ್ಕೆ ಒಳಗಿನ ಪದರಗಳು ಜರುಗದೆ ನಿಲ್ಲುತ್ತವೆ. ಅಂಚಿನಿಂದ ಶುರುಮಾಡಿ ಸುತ್ತು ಹಾಕುತ್ತ, ಹೊಲಿಗೆಯ ಜೊತೆ ತಾನೂ ಜರುಗುತ್ತ ಒಳಗೊಳಗೆ ಬರಬೇಕು. ಕೊನೆಯ ಗಂಟು ಹಾಕುವಾಗ ಹೊಲಿಯುವವಳು ಕೌದಿಯ ನಟ್ಟನಡುವೆ ಕೂತಿರುತ್ತಾಳೆ. ಹೊದೆಯುವವರಿಗಿಂತ ಮೊದಲು ಹೊಲಿದವಳ ಮೈಯ ಬಿಸಿ ಅದಕ್ಕೆ ತಾಗಬೇಕು, ಕೂರದೆ ಹೊಲಿದದ್ದು ಕೌದಿಯಲ್ಲ, ಬರೀ ದಪ್ಪ ಬಟ್ಟೆ ಎಂಬುದು ಮದೀನಾಬೀಯ ಖಚಿತ ಮತ. ನೆಲ ತಪ್ಪಿತೆಂದರೆ ಅವಳಿಗೆ ಕಸುಬೇ ತಪ್ಪಿದಂತೆ. ಸೂಜಿಯ ಡಬ್ಬಿಯನ್ನು ಸೊಸೆ, ಮಗ ಫಿರೋಜನ ಹೆಂಡತಿ ಉಮೆಸಲ್ಮಾಳ ಕೈಗಿಟ್ಟು, ಎಲ್ಲಾದರೂ ಇಡು, ನನ್ನ ಕಣ್ಣಿಗೆ ಬೀಳದಂಗ ಇಡು ಎಂದಳು. ಆಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವಳು ಊಟ ಕಡಿಮೆ ಮಾಡಿದಳು, ಬೈಗುಳ ಕಡಿಮೆ ಮಾಡಿದಳು, ಕೊನೆಗೆ ಮಾತೇ ಕಡಿಮೆ ಮಾಡಿದಳು. ಬೈಗುಳ ನಿಂತದ್ದು ನೋಡಿ ಮನೆಯವರೆಲ್ಲ ಹೆದರಿದರು.

ಉಮೆಸಲ್ಮಾ ಫೋನಿನಲ್ಲಿ ಇದನ್ನೆಲ್ಲ ಹೇಳಿ ಅತ್ತಾಗ ಶಿವರಂಜನಿ ಒಂದು ಉಪಾಯ ಹೂಡಿದಳು. ತಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮದೀನಾಬೀಯ ಕೈಗೆ ಮತ್ತೆ ಸೂಜಿ ಬರಬೇಕು. ಹೊಲಿಯಿರಿ ಎಂದರೆ ಆಕೆ ಹೊಲಿಯುವುದಿಲ್ಲ. ಕೆಟ್ಟ ಹೊಲಿಗೆ ನೋಡಿದರೆ ಮಾತ್ರ ಸುಮ್ಮನಿರಲಾರಳು. ಹಾಗಾಗಿ ಕೆಟ್ಟದಾಗಿ ಹೊಲಿದು ಒಯ್ಯುವುದು. ಯಾರನ್ನಾದರೂ ಅನುಕರಿಸುವ ತನಗೆ, ಒಂಬತ್ತು ವರ್ಷದ ಹಿಂದಿನ ತನ್ನದೇ ಹೊಲಿಗೆಯನ್ನು ಅನುಕರಿಸುವುದು ಯಾವ ಮಹಾ ಎಂದುಕೊಂಡಳು.

ಮೊದಲನೆಯ ಭಾನುವಾರ ಉದ್ದುದ್ದ ಹೊಲಿಗೆ ಹಾಕಿದ ಒಂದು ಮೊಳದ ಕೌದಿ ಒಯ್ದಳು. ಮದೀನಾಬೀ ನೋಡಿ ಲೊಚಗುಟ್ಟಿ, ಸೊಸೆಯ ಕೈಲಿ ಡಬ್ಬಿ ತರಿಸಿ, ಮೂರು ಸಾಲು ಬಿಚ್ಚಿ ಹೊಲಿದು ತೋರಿಸಿದಳು. ಬಾಗಿಲ ಹಿಂದೆ ಉಮೆಸಲ್ಮಾ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಎರಡನೆಯ ಭಾನುವಾರ ನಡುವೆ ಗುಬ್ಬಟೆ ಎದ್ದ ಕೌದಿ. ಅದಕ್ಕೆ ಐದು ಸಾಲು ಗಿಟ್ಟಿದವು, ಜೊತೆಗೆ ಒಂದು ಬೈಗುಳವೂ. ಶಿವರಂಜನಿ ಬಸ್ಸಿನಲ್ಲಿ ಕಂಡಕ್ಟರನ ದನಿಯಲ್ಲೇ ಕಂಡಕ್ಟರನಿಗೆ ಟಿಕೆಟ್ ಕೇಳುವಷ್ಟು ಹುರುಪಿನಲ್ಲಿ ಊರಿಗೆ ಬಂದಳು.

ಮೂರನೆಯ ಭಾನುವಾರ ಮದೀನಾಬೀ ಕೌದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಬೆರಳಿನಿಂದ ನಾಲ್ಕೂ ಮೂಲೆ ಸವರಿದಳು. ಡಬ್ಬಿ ಕೇಳಲಿಲ್ಲ.

"ಖರೆ ತಪ್ಪು ಮೂಲ್ಯಾಗ ಇರ್ತಾವ ರಂಜೂ," ಎಂದಳು. "ಕೈ ಎಲ್ಲಿ ಹೆದರ್ತದ, ಅಲ್ಲಿ ಇರ್ತಾವ. ನಿನ್ನ ಮೂಲಿ ನಾಕೂ ಬರೋಬ್ಬರಿ ಅವ. ನಡುವ, ನನ್ನ ಕಣ್ಣು ಎಲ್ಲಿ ಬೀಳ್ತದ ನೋಡ್ಕೊಂಡು ಅಲ್ಲೇ ಬಂದು ಕುಂತಾವ ಈ ತಪ್ಪು. ಇವು ತಪ್ಪಲ್ಲ. ನಾಟಕ."

ಶಿವರಂಜನಿ ಕಂಡಕ್ಟರನ ದನಿ ತೆಗೆದು ನಗಿಸಲು ಹೋದಳು. ಮದೀನಾಬೀ ಕೈ ಎತ್ತಿ ತಡೆದಳು.

"ನನ್ನ ದನಿ ತಗದು ಮಂದಿನ್ನ ನಗಸ್ತಿ, ನಾನೂ ನಗ್ತೀನಿ. ಇದಕ್ಕ ನಗೂದಿಲ್ಲ. ನನ್ನ ಮ್ಯಾಲ ತರಸ್ ಮಾಡಬ್ಯಾಡ." ತರಸ್ ಎಂದರೆ ಕನಿಕರ. ಆ ಮಾತನ್ನು ಅವಳು ಎಷ್ಟು ಮೆಲ್ಲಗೆ ಅಂದಳೆಂದರೆ, ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕೌದಿಯನ್ನು ಮಡಚಿ ಶಿವರಂಜನಿಯ ಕೈಗೆ ಕೊಟ್ಟು ಮುಖ ಕಿಟಕಿಗೆ ತಿರುಗಿಸಿದಳು. ಅವತ್ತು ಬಾಗಿಲವರೆಗೆ ಬಂದ ಉಮೆಸಲ್ಮಾ, ಅತ್ತೆ ಡಬ್ಬಿಯನ್ನು ಈ ಸಲ ಟ್ರಂಕಿನೊಳಗೇ ಇಡಲು ಹೇಳಿದ್ದಾಳೆ ಎಂದಳು.

ಮುಂದಿನ ಎರಡು ಭಾನುವಾರ ಶಿವರಂಜನಿ ಸುರಪುರಕ್ಕೆ ಹೋಗಲಿಲ್ಲ. ಹೋಗುವ ಮುಖವಿರಲಿಲ್ಲ. ಅದೇ ಹೊತ್ತಿಗೆ ಯಾದಗಿರಿಯಲ್ಲಿ ಮಹಿಳೆಯರ ಕೈಕೆಲಸದ ಪ್ರದರ್ಶನವೊಂದು ಇತ್ತು. ಮೊದಲೇ ಹೆಸರು ಕೊಟ್ಟದ್ದರಿಂದ ಹನ್ನೊಂದು ಸಣ್ಣ ಕೌದಿ ಚೀಲಕ್ಕೆ ತುಂಬಿಕೊಂಡು ಹೋದಳು. ಶಾಲೆಯೊಂದರ ಹಾಲಿನಲ್ಲಿ ಹಗ್ಗ ಕಟ್ಟಿ ತೂಗುಹಾಕಿದರು. ಬಂದವರು ಹೊಗಳಿದರು, ಫೋಟೊ ಹೊಡೆದುಕೊಂಡರು. ಮಧ್ಯಾಹ್ನ ಒಬ್ಬ ಮುದುಕಿ ಬಂದಳು. ಉಪ್ಪಿನಕಾಯಿ ಮಳಿಗೆಯ ಮೊಮ್ಮಗಳಿಗೆ ಬುತ್ತಿ ತಂದವಳು. ಹಿಮ ಹೊತ್ತ ಚೂಪು ಮರಗಳ ಕೌದಿಯ ಮುಂದೆ ನಿಂತು, ಯಾವುದೇ ಕುಹಕವಿಲ್ಲದೆ, "ಯವ್ವಾ, ಇದು ಯಾ ಕಡಿ ಊರು? ನೀ ಅಲ್ಲಿ ಇದ್ದ್ಯಾ?" ಎಂದು ಕೇಳಿದಳು.

ಇಲ್ಲಜ್ಜಿ, ನಾನು ನೋಡಿಲ್ಲ ಎಂದಳು ಶಿವರಂಜನಿ. ಮುದುಕಿ ಪಕ್ಕದ ಕೌದಿ ತೋರಿಸಿದಳು. ಅದನ್ನೂ ನೋಡಿರಲಿಲ್ಲ. ಹನ್ನೊಂದಕ್ಕೆ ಹನ್ನೊಂದೂ ಇನ್ನೊಬ್ಬರ ಕಣ್ಣಿನವು. ತನ್ನ ನೆಟ್ಟನೆಯ ಹೊಲಿಗೆಯನ್ನು ನೋಡಿ ಅವಳಿಗೇ ಹೇಗೋ ಆಯಿತು. ಖಾಲಾ ಮೂರು ಭಾನುವಾರದಲ್ಲಿ ಕಂಡದ್ದನ್ನು ಈ ಮುದುಕಿ ಮೂರು ನಿಮಿಷದಲ್ಲಿ ಕಂಡುಬಿಟ್ಟಳು. ಇದೂ ಮಿಮಿಕ್ರಿಯೇ.

ಮನೆಗೆ ಬಂದು ಸ್ವಂತದ್ದೊಂದು ಮಾಡೋಣ ಎಂದು ಕೂತಳು. ಬಂಡೆಗುಡ್ಡ ಮಾಡಲು ಹೋದರೆ ಬದನೆಕಾಯಿ ಆಯಿತು. ಕಾಲುವೆ ನೀರಿನ ಗದ್ದೆ ಮಾಡಲು ಹೋದರೆ ಶಾಲೆಯ ಚೌಕಳಿ ಸಮವಸ್ತ್ರ ಆಯಿತು. ದಾರವಿತ್ತು, ದಾರಿ ಇರಲಿಲ್ಲ. ಭೀಮಾಶಂಕರ ಸಮಾಧಾನ ಹೇಳಲು ಬಂದವನು ಬದನೆಕಾಯಿಯನ್ನು ಹೊಗಳಿ ಕೆಲಸ ಇನ್ನಷ್ಟು ಕೆಡಿಸಿದ.

ಹೋಗದ ಆ ಎರಡು ಭಾನುವಾರಗಳ ಮರುಭಾನುವಾರ ಬಟ್ಟೆ ತುಂಡುಗಳ ಚೀಲ ಹಿಡಿದು ಸುರಪುರದ ಬಸ್ಸು ಹತ್ತಿದಳು. ಹೊಲಿದದ್ದು ಏನೂ ಇರಲಿಲ್ಲ, ಹೂಡಿದ್ದೂ ಏನೂ ಇರಲಿಲ್ಲ. ಅತ್ತೆಯನ್ನು ಅಮ್ಮಾ ಎಂದೇ ಕರೆಯುವ ಉಮೆಸಲ್ಮಾ ಬಾಗಿಲು ತೆರೆದು, ಅಮ್ಮಾ ನಿನ್ನೆಯಿಂದ ಅರ್ಧ ರೊಟ್ಟಿಯ ಮೇಲಿದ್ದಾಳೆ ಎಂದು ಪಿಸುಗುಟ್ಟಿದಳು. ಮದೀನಾಬೀ ಅದೇ ಕುರ್ಚಿಯಲ್ಲಿದ್ದಳು. ಕತ್ತು ತಿರುಗಿಸದೆ, ಇವತ್ತು ಏನು ತಪ್ಪು ತಂದೀದಿ ಎಂದು ಕೇಳಿದಳು.

"ಏನೂ ತಂದಿಲ್ರಿ ಖಾಲಾ. ಖಾಲಿ ಬಂದೀನಿ," ಎಂದಳು ಶಿವರಂಜನಿ. ಬೇರೆ ದಿನವಾದರೆ ಈ ಮಾತಿನ ಜೋಡಿಗೆ ತಾನೇ ಮೊದಲು ನಗುತ್ತಿದ್ದಳು, ಇವತ್ತು ಅದು ಕಿವಿಗೂ ಬೀಳಲಿಲ್ಲ. ಕಾಲ ಬಳಿ ನೆಲಕ್ಕೆ ಕೂತು ಯಾದಗಿರಿಯ ಮುದುಕಿಯ ಕತೆ ಹೇಳಿದಳು. ಹೇಳುವಾಗ ಮುದುಕಿಯ ದನಿ ತೆಗೆಯಲಿಲ್ಲ, ತನ್ನ ದನಿಯಲ್ಲೇ ಹೇಳಿದಳು. ಕೈ ಓಡುತ್ತದೆ, ಏನು ಮಾಡಬೇಕೆಂದು ಹೊಳೆಯುವುದಿಲ್ಲ, ಹದಿನೈದು ದಿನದಿಂದ ಕತ್ತರಿ ಹಿಡಿದು ಸುಮ್ಮನೆ ಕೂರುತ್ತೇನೆ ಎಂದಳು. ಕೊನೆಗೆ, "ನೀವು ಸಿಟ್ಟಾಗಿದ್ರೂ ಬರೋಬ್ಬರಿ. ನಾ ನಿಮ್ಮ ಬಲ್ಲಿ ಸುಳ್ಳು ತಂದೆ. ಇದು ಮಾತ್ರ ಖರೇನ ತಿಳೀವಲ್ದು, ಅದಕ್ಕ ಬಂದೀನ್ರಿ," ಎಂದಳು.

ಮದೀನಾಬೀ ಕತ್ತು ತಿರುಗಿಸಿ ಅವಳನ್ನು ನೋಡಿದಳು. ಆಮೇಲೆ ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದಳು.

"ನಾಕು ತಿಂಗಳಾತು, ಇದು ಬಿಟ್ಟು ಬ್ಯಾರೆ ಏನೂ ನೋಡಿಲ್ಲ ನಾ. ಆ ಎದುರು ಮನಿ ಬಾಗಲಾ ನೋಡು. ಮುಂಜಾನಿ ಒಂದು ನೀಲಿ ಇರ್ತದ, ಮಧ್ಯಾಹ್ನ ಬ್ಯಾರೇನೇ ನೀಲಿ. ಮ್ಯಾಳಗಿ ಮ್ಯಾಲ ಮೆಣಸಿನಕಾಯಿ ಹಾಕ್ಯಾರ. ಮೊದಲ ದಿನ ಕೆಂಪು ಕೆಂಪು ಅನ್ನಿಸ್ತು. ಈಗ ಅದ್ರಾಗ ನಾಕು ನಮೂನಿ ಕೆಂಪು ಕಾಣ್ತಾವ. ಕುಂತು ಕುಂತು ಕಣ್ಣು ಚೂಪಾಗ್ಯಾವ, ಈ ಹಾಳಾದ ಕೈಗಿ ಕೆಲಸಿಲ್ಲ."

ಶಿವರಂಜನಿ ಕಿಟಕಿಯ ಆಚೆ ನೋಡಿದಳು. ಹುಟ್ಟಿದಾಗಿನಿಂದ ಕಂಡ ಓಣಿ. ಸುಣ್ಣ ಉದುರಿದ ಗೋಡೆ, ನೀಲಿ ಬಾಗಿಲು, ಮಾಳಿಗೆಯ ಮೇಲೆ ಕರಿ ನೀರಿನ ಟಾಕಿ, ಅದರ ಹಿಂದೆ ಗುಡ್ಡದ ಒಂದು ತುಣುಕು, ಬಾಗಿಲ ಮುಂದೆ ಕಟ್ಟಿದ ಒಂದು ಕಂದು ಆಡು. ಅವಳು ಚೀಲವನ್ನು ನೆಲಕ್ಕೆ ಸುರಿದು, ನೀಲಿಯವನ್ನೆಲ್ಲ ಆರಿಸಿ ಎತ್ತಿ ತೋರಿಸಿದಳು. ಐದು ನೀಲಿಗಳಿದ್ದವು. ಅದಲ್ಲ, ಅದಲ್ಲ, ಅದು ಪೊಲೀಸರ ಜೀಪಿನ ನೀಲಿ, ಅದಲ್ಲ ಎಂದು ಮದೀನಾಬೀ ನಾಲ್ಕನ್ನು ತಳ್ಳಿದಳು. ಐದನೆಯದಕ್ಕೆ ಸುಮ್ಮನಾದಳು.

ಬಾಗಿಲು ಇಷ್ಟುದ್ದ, ಗೋಡೆ ಅಷ್ಟಗಲ ಎಂದು ಅವಳು ಬೆರಳಲ್ಲಿ ಅಳೆದು ಹೇಳುತ್ತ ಹೋದಳು, ಶಿವರಂಜನಿ ಕತ್ತರಿಸುತ್ತ ಹೋದಳು. ಗೋಡೆ ಹೆಚ್ಚು ಬೇಕು, ಉಳಿದದ್ದು ಕಡಿಮೆ ಇರಲಿ, ನನ್ನ ಕಣ್ಣಿಗೆ ಜಾಸ್ತಿ ಗೋಡೆಯೇ ಬೀಳುವುದು ಎಂದಳು ಮದೀನಾಬೀ. ನಡುವೆ ಬಯಲು ಬಿಡಬೇಕೆಂದು ಶಿವರಂಜನಿ ಎಷ್ಟೋ ಚಿತ್ರ ನೋಡಿ ಕಲಿತದ್ದು ಈ ಹೆಂಗಸಿಗೆ ಕುರ್ಚಿಯಲ್ಲಿ ಕೂತೇ ಬಂದಿತ್ತು. ಕರಿಯ ಚೌಕ ಇಡುವಾಗ, "ಟಾಕಿಗಿ ಟಾಕಾ ಗಟ್ಟಿ ಹಾಕ್ಬೇಕು ನೋಡು, ಇಲ್ಲಂದ್ರ ಸೋರ್ತದ" ಎಂದಳು. ಟಾಕಾ ಎಂದರೆ ಹೊಲಿಗೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾಲ್ಕು ತಿಂಗಳಲ್ಲಿ ಆ ಮನೆಯಲ್ಲಿ ಮದೀನಾಬೀ ಆಡಿದ ಮೊದಲ ತಮಾಷೆ ಅದು.

ತುಂಡುಗಳನ್ನು ಜೋಡಿಸಿ, ಕೆಳಗೆ ಹಳೆ ಸೀರೆಯ ಎರಡು ಪದರ ಇಟ್ಟು, ಶಿವರಂಜನಿ ಅಂಚಿನಿಂದ ಹೊಲಿಯತೊಡಗಿದಳು. ಮೊದಲ ಮೂಲೆ ತಿರುಗುವಾಗ ಬಟ್ಟೆ ಎಳೆದುಕೊಂಡು ಸೊಟ್ಟಗಾಯಿತು. ಬಿಚ್ಚಿ ಹಾಕಿದಳು. ಮತ್ತೆ ಸೊಟ್ಟಗಾಯಿತು. ಇನ್ನೊಬ್ಬರ ಚಿತ್ರದಲ್ಲಿ ಎಂದೂ ಹೆದರದ ಕೈ ಇಲ್ಲಿ ಹೆದರುತ್ತಿತ್ತು. ಅವಳು ತಲೆ ಎತ್ತುವ ಮೊದಲೇ ಮೇಲಿನಿಂದ ಒಂದು ಕೈ ಬಂದು ಕೌದಿಯನ್ನು ಎತ್ತಿಕೊಂಡಿತು.

ಮದೀನಾಬೀ ಆ ಮೂಲೆಯನ್ನು ನೋಡಿದಳು, ಬೆರಳಿನಿಂದ ಸವರಿದಳು.  ಟ್ರಂಕಿನಿಂದ ಡಬ್ಬಿ ತರಲು ಸೊಸೆಗೆ ಹೇಳಿದಳು. ಸೂಜಿಗೆ ದಾರ ತಾನೇ ಪೋಣಿಸಿದಳು. ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡಾಗ ಅದು ಸರಿಯಾಗಿ ಅವಳ ಮಡಿಲಿನಷ್ಟೇ ಆಯಿತು. ಇತ್ತ ಜೋಲಲಿಲ್ಲ, ಅತ್ತ ಜಾರಲಿಲ್ಲ. ಒಂದು ಸಾಲು ಹೊಲಿದು, ಕೌದಿಯ ನಾಲ್ಕೂ ಅಂಚು ನೋಡಿ, ತನ್ನ ಮೊಣಕಾಲು ನೋಡಿ, ಏನೋ ಲೆಕ್ಕ ತಾಳೆಯಾದವಳಂತೆ ಗೋಣು ಹಾಕಿದಳು.

"ಇದರ ಮ್ಯಾಲ ನಾ ಕುಂದ್ರಾಕ ಆಗಂಗಿಲ್ಲ," ಎಂದಳು. "ಇದೇ ನನ್ನ ಮ್ಯಾಲ ಕುಂತದ. ಬಿಸಿ ತಾಗ್ಲಾಕತ್ತದ. ಆತು, ಕೌದಿನೇ ಇದು."

ಆಮೇಲೆ ಎರಡು ತಾಸು ಅವಳು ತಲೆ ಎತ್ತಲಿಲ್ಲ. ಒಂದು ಮೂಲೆ ಶಿವರಂಜನಿಯ ಕೈಯಲ್ಲಿ, ಉಳಿದ ಮೂರು ಮದೀನಾಬೀಯ ಮಡಿಲಲ್ಲಿ. ಶಿವರಂಜನಿ ಹೊಲಿಯಲು ನೆಲದಿಂದ ಎದ್ದು ಮಂಡಿಯೂರಬೇಕಾಯಿತು. ಉಮೆಸಲ್ಮಾ ಚಹಾ ತಂದಿಟ್ಟಳು, ಅದು ಆರಿತು. ಇನ್ನೊಮ್ಮೆ ಕಾಸಿ ತಂದಳು, ಅದೂ ಆರಿತು. ಮೂರನೆಯ ಸಲ ಬೇಜಾರು ಮಾಡಿಕೊಳ್ಳದೆ ಕಾಸಲು ಹೋದಳು.

ಸಂಜೆಯ ಬಸ್ಸಿಗೆ ಹೊತ್ತಾದಾಗ ಶಿವರಂಜನಿ ಎದ್ದಳು. ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ಒಂಬತ್ತು ವರ್ಷದ ಮಾತು, ಇವತ್ತು ಅದಕ್ಕೆ ಬೇರೆಯವರ ದನಿ ಹುಡುಕುವ ಮನಸ್ಸಾಗಲಿಲ್ಲ.

"ಖಾಲಾ, ಆವತ್ತು ನಮ್ಮ ಪಡಸಾಲ್ಯಾಗ ನನ್ನ ಎಬ್ಬಿಸಿ ಕುಂದ್ರಿಸಿದ್ರಲ್ಲ. ಏನೂ ಕೇಳಲಿಲ್ಲ ನೀವು. ನಿಮ್ಮ ಉಪಕಾರ ಭಾಳ ಅದರಿ ನನ್ನ ಮ್ಯಾಲ."

ಮದೀನಾಬೀ ದಾರವನ್ನು ಹಲ್ಲಲ್ಲಿ ಕಡಿದಳು. ಕಣ್ಣು ಕೌದಿಯ ಮೇಲೇ ಇತ್ತು.

"ಕೇಳೂದೇನಿತ್ತು. ನನಗೂ ಎರಡು ಹೋಗಿದ್ವು ಬೇಟಿ, ಫಿರೋಜ್‌ಗಿಂತ ಮೊದಲ. ನಮ್ಮ ಅಮ್ಮಾನೂ ಹಂಗೇ ಕುಂದ್ರಿಸಿದ್ಲು ನನ್ನ." ಎರಡು ಹೊಲಿಗೆ ಹಾಕಿದಳು. "ಹೋಗು, ಬಸ್ಸು ತಪ್ಪಸ್ಕೊಂಡಿ. ಆ ಕೆಂಪು ತುಂಡಾ ಎಲ್ಲಾ ಬಿಟ್ಟು ಹೋಗು."

ಶಿವರಂಜನಿ ಕೆಂಪು ತುಂಡುಗಳನ್ನಷ್ಟೇ ಅಲ್ಲ, ಚೀಲವನ್ನೇ ಬಿಟ್ಟು ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಶಹಾಪುರ ಬರುವವರೆಗೂ ಹತ್ತಿಯ ಹೊಲಗಳಲ್ಲಿ ಎಷ್ಟು ನಮೂನೆಯ ಹಸಿರು ಇದೆ ಎಂದು ಎಣಿಸುತ್ತ ಬಂದಳು. ಹನ್ನೊಂದಾದ ಮೇಲೆ ಕತ್ತಲಾಗಿ ಲೆಕ್ಕ ತಪ್ಪಿತು.

ಬುಧವಾರ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ನಂಬರು ಹಚ್ಚುತ್ತಿದ್ದಾಗ ಉಮೆಸಲ್ಮಾಳ ಫೋನು ಬಂತು. ದೊಡ್ಡ ದೂರಿನ ಗಂಟನ್ನೇ ಹೊತ್ತು ತಂದಿದ್ದಳು. ಅಮ್ಮಾ ಊಟಕ್ಕೆ ಕರೆದರೆ ಬರುವುದಿಲ್ಲ, ತಟ್ಟೆ ಕುರ್ಚಿಗೇ ಬೇಕು, ಒಯ್ದು ಕೊಟ್ಟರೆ ಎರಡು ರೊಟ್ಟಿ ತಿಂದು ಇನ್ನೊಂದು ತರಲು ತಡ ಮಾಡಿದೆ ಎಂದು ಬೈಯುತ್ತಾಳೆ. ಬೆಳಕು ಸಾಲದೆಂದು ಕಿಟಕಿಯ ಪರದೆ ಕಿತ್ತು ಹಾಕಿದ್ದಾಳೆ. ಎದುರು ಮನೆಯವರು ಮೆಣಸಿನಕಾಯಿ ಒಳಗೆ ಒಯ್ಯಲು ಹೋದರೆ, ಇನ್ನೆರಡು ದಿನ ಇರಲಿ ಎಂದು ಇಲ್ಲಿಂದಲೇ ಕೂಗಿ ಜಗಳಕ್ಕೆ ನಿಂತಿದ್ದಳು. ಇವತ್ತಂತೂ ಅತಿಯಾಯಿತು.

"ಇವರು ಅಂಗಿ ತಗದು ಗೂಟಕ್ಕ ಹಾಕಿ ಜಳಕಕ್ಕ ಹೋದ್ರು ಆಪಾ. ಬಂದು ನೋಡಿದ್ರ ಬೆನ್ನೇ ಇಲ್ಲ ಅಂಗಿಗಿ. ಎದುರು ಮನಿ ಆಡಿನ ಬಣ್ಣ ಬ್ಯಾರೆ ಯಾ ಬಟ್ಯಾಗೂ ಸಿಗಲಿಲ್ಲಂತ ಅಮ್ಮಾಗ. ಇವರು ಟಾವೆಲ್ ಸುತಗೊಂಡು ನಿಂತಾರ, ಅಂಗಡಿಗಿ ಹೋಗ್ಬೇಕು. ನೀವಾರ ಹೇಳ್ರಿ."

ಹಿಂದಿನಿಂದ ಫಿರೋಜನ ಗೊಣಗಾಟವೂ, ಅದರ ಮೇಲೆ ಮದೀನಾಬೀಯ ಕಂಚಿನ ಕಂಠವೂ ಕೇಳಿಸುತ್ತಿತ್ತು. ನಾಲ್ಕು ತಿಂಗಳು ಕೂಡಿಟ್ಟ ಬೈಗುಳವನ್ನೆಲ್ಲ ಆ ತಾಯಿ ಮಗನಿಗೆ ಒಂದೇ ಸಲಕ್ಕೆ ಕೊಟ್ಟು ಮುಗಿಸುವವಳಂತಿದ್ದಳು.

ಶಿವರಂಜನಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಅಷ್ಟನ್ನೂ ಕೇಳಿಸಿಕೊಂಡಳು. ಕಪಾಟಿನ ಸಂದಿಯಲ್ಲಿದ್ದ ಹುಡುಗರು, ಮೇಡಂ ಯಾಕೆ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದಾರೆ ಎಂದು ಇಣುಕಿ ನೋಡಿದರು.

"ಅಂಗಿ ತೋಳು ಉಳದಾವಿಲ್ಲೋ ಉಮೆಸಲ್ಮಾ?" ಎಂದು ಕೇಳಿದಳು.

ಉಳಿದಿವೆ ಎಂದಳು ಉಮೆಸಲ್ಮಾ, ಯಾಕೆ ಎಂದೂ ಕೇಳಿದಳು.

"ಹಂಗಾರ ಅವನ್ನೂ ಕೊಟ್ಟುಬಿಡು. ಆಡಿಗಿ ನಾಕು ಕಾಲು ಆಗಬೇಕಲ್ಲ."